ಏಳನೇ ದುಡ್ಡು

“ಬೇಗ ಹೇಳೇ ಮುಂಡೇದೇ. ಅದೇನು ಹಾಡು ಕೇಳ್ತಾ ಕೂತಿದೀಯಾ?”

ಸಾವ್ಕಾರ ಬೈದಾಗ ಅತ್ತೆ ತಲೆ ಎತ್ತಲಿಲ್ಲ. ಗೇಣುದ್ದ ಮೇಲಿನಿಂದ ಇನ್ನೊಂದು ಬೆಳ್ಳಿ ದುಡ್ಡನ್ನು ಕಲ್ಲಿನ ಮೇಲೆ ಬಿಟ್ಟರು. ಅದು ಬಿದ್ದು, ಎದ್ದು, ಮತ್ತೆ ಬಿದ್ದು ಸುಮ್ಮನಾಗುವವರೆಗೆ ಕಣ್ಣು ಮುಚ್ಚಿದ್ದರು. ಆಮೇಲೆ, “ಸೈ” ಅಂದರು.

ನಾನು ಅದನ್ನು ಎತ್ತಿ ಬಲಗಡೆಯ ತಟ್ಟೆಗೆ ಹಾಕಿದೆ. ಅತ್ತೆ ‘ಸೈ’ ಅಂದದ್ದು ಬಲಕ್ಕೆ, ‘ಖೋಟಾ’ ಅಂದದ್ದು ಎಡಕ್ಕೆ. ಬಲಗಡೆಯದು ಒಳಗಿನ ಕೋಣೆಗೆ ಹೋಗುತ್ತದೆ, ಎಡಗಡೆಯದು ಹಿತ್ತಲಿನ ಆಸಿಡ್ ಕೋಣೆಗೆ. ಖೋಟಾ ದುಡ್ಡಿನಲ್ಲೂ ಅಷ್ಟಿಷ್ಟು ಬೆಳ್ಳಿ ಇರುತ್ತದೆ. ಅದನ್ನು ಬಿಸಿ ಆಸಿಡ್ಡಿನಲ್ಲಿ ಕರಗಿಸಿ, ತಾಮ್ರದ ಪಟ್ಟಿ ಇಳಿಬಿಟ್ಟರೆ ಬೆಳ್ಳಿ ಬೂದಿಬಣ್ಣದ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಲಸ ನನ್ನ ಗಂಡನದು. ಅವನ ಬೆರಳುಗಳು ಅರಿಸಿನ ಅರೆದವನ ಬೆರಳಿನ ಹಾಗಿವೆ. ತೊಳೆದರೆ ಆ ಹಳದಿ ಹೋಗುವುದಿಲ್ಲ. ಚರ್ಮ ಸುಲಿದಾಗ ಹೋಗುತ್ತದೆ, ಮತ್ತೆ ಬರುತ್ತದೆ.

ನನ್ನ ಕೆಲಸ ಕಸ ತೊಳೆಯುವುದು. ಅಂಗಡಿಯ ನೆಲ ಗುಡಿಸಿದ ಧೂಳು, ಒಲೆಯ ಬೂದಿ, ಕೆಲಸದವರು ಕೈ ತೊಳೆದ ನೀರು, ಎಲ್ಲವನ್ನೂ ತೊಟ್ಟಿಯಲ್ಲಿ ಕಲಸಿ, ಬಾಣಲೆಯಲ್ಲಿ ತಿರುವಿ ತಿರುವಿ, ಮಣ್ಣು ಚೆಲ್ಲಿ, ಉಳಿದ ಬೆಳ್ಳಿ ಚೂರನ್ನು ಸಾವ್ಕಾರನಿಗೆ ಒಪ್ಪಿಸಬೇಕು. ಅತ್ತೆಯ ಕೆಲಸವೂ ಅದೇ. ದುಡ್ಡಿನ ಸದ್ದು ನೋಡುವುದು ಕೆಲಸದ ಲೆಕ್ಕಕ್ಕಿಲ್ಲ, ಅದಕ್ಕೆ ಕೂಲಿಯೂ ಇಲ್ಲ. “ಕಿವಿಗೇನು ಸವೆತವಾ?” ಅಂತ ಸಾವ್ಕಾರ ಕೇಳುತ್ತಾನೆ. ಅಂಗಡಿಯಲ್ಲಿ ಅವರನ್ನು ಕರೆಯುವುದೇ ‘ಕಿವಿ’ ಅಂತ.

ಅವತ್ತು ಸಾವ್ಕಾರ ತನ್ನಪ್ಪನ ಕಾಲದ ಪೆಟ್ಟಿಗೆ ತೆಗೆಸಿದ್ದ. ಹಳೇ ದುಡ್ಡಿಗೆ ಈಗ ತೂಕಕ್ಕಿಂತ ಹೆಚ್ಚು ಬೆಲೆ ಕೊಡುವ ಜನ ಇದ್ದಾರಂತೆ. ಆ ಬೆಲೆ ಕಟ್ಟಲು ದೂರದಿಂದ ಒಬ್ಬನನ್ನು ಕರೆಸಿದ್ದ. ಬಂದವನು ಕನ್ನಡಕದವನು, ಮೆಲುಮಾತಿನವನು, ಎರಡೂ ಕೈಗೆ ಬಿಳಿ ಬಟ್ಟೆಯ ಗವಸು. ನಾವು ಮುಟ್ಟಿದ ದುಡ್ಡನ್ನು ಮುಟ್ಟಬೇಕಲ್ಲ, ಅದಕ್ಕೆ ಹಾಕಿಕೊಂಡಿದ್ದಾನೆ ಅಂದುಕೊಂಡೆ. ಅದು ನಮಗೇನೂ ಹೊಸದಲ್ಲ. ಅತ್ತೆಯ ಕೈಯಿಂದ ಬಂದ ಒಂದೊಂದನ್ನೂ ಸಾವ್ಕಾರ ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿಯೇ ಒಳಗೆ ಒಯ್ಯುವುದು. ಅವತ್ತೂ ಒರೆಸಲು ಹೊರಟ.

“ಅಯ್ಯೋ, ಉಜ್ಜಬೇಡಿ!” ಗವಸಿನವನು ಎದ್ದೇ ಬಿಟ್ಟ. “ಉಜ್ಜಿದ್ರೆ ವರ್ಷಗಟ್ಟಲೆ ಮೇಲೆ ಕಟ್ಟಿರೋ ಕಂದು ಬಣ್ಣ ಹೋಗುತ್ತೆ. ಕಂದು ಹೋದ್ರೆ ಬೆಲೆ ಅರ್ಧ.”

“ಇವಳು ಮುಟ್ಟಿದಾಳೆ, ಸಾರ್.”

“ಮುಟ್ಟಲಿ. ಬೆವರು ಎಲ್ಲರ ಕೈಯಲ್ಲೂ ಇದೆ. ನಾನೂ ಅದಕ್ಕೇ ಗವಸು ಹಾಕ್ಕೊಂಡಿರೋದು.”

ಸಾವ್ಕಾರ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ, ತಟ್ಟೆಯನ್ನು ನೋಡಿದ. ಬಟ್ಟೆಯನ್ನು ಕಿಟಕಿಯ ಮೇಲಿಟ್ಟ. ಅವತ್ತು ಮೊದಲ ಸಲ, ಅತ್ತೆ ಮುಟ್ಟಿದ್ದು ಮುಟ್ಟಿದ ಹಾಗೇ ಒಳಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ನೂರಾ ಹತ್ತು ದುಡ್ಡು ಮುಗಿದಿದ್ದವು. ಹದಿನಾಲ್ಕು ಖೋಟಾ. ಗವಸಿನವನು ತನ್ನ ಚಿಕ್ಕ ಮೆಷಿನ್ನಿನಲ್ಲಿ ಆ ಹದಿನಾಲ್ಕನ್ನೂ ಇಟ್ಟು ನೋಡಿದ. ಒಂದೂ ತಪ್ಪಿರಲಿಲ್ಲ. ನನ್ನ ಗಂಡ ಬಂದು ಅವನ್ನು ಬೋಗುಣಿಯಲ್ಲಿ ತುಂಬಿಕೊಂಡು ಹೋದ. ಹಿತ್ತಲಿಗೆ ಹೋಗಲು ಮೂರು ಮೆಟ್ಟಿಲು ಹತ್ತಬೇಕು. ಎರಡನೇ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡ. ಹೋದ ವರ್ಷ ಅವನು ಅಲ್ಲಿ ನಿಲ್ಲುತ್ತಿರಲಿಲ್ಲ.

ಗವಸಿನವನು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತ. ಪುಸ್ತಕವೊಂದನ್ನು ಬಿಡಿಸಿ ಹಿಡಿದ.

“ಅಮ್ಮಾ, ಒಂದು ಕೇಳ್ತೀನಿ. ಅಚ್ಚು ಸರಿ, ತೂಕ ಸರಿ, ಸದ್ದು ಮಾತ್ರ ಸತ್ತ ಹಾಗೆ. ಅಂಥದ್ದು ಯಾವತ್ತಾದ್ರೂ ನಿಮ್ಮ ಕೈಗೆ ಬಂದಿತ್ತಾ? ಇದು ನೋಡಿ. ಹಿಂದುಗಡೆ ತೆನೆ ಇದೆಯಲ್ಲ, ಬೇರೆದರಲ್ಲಿ ಮೂರೆಲೆ, ಇದರಲ್ಲಿ ಎರಡೇ ಎಲೆ.”

ಅತ್ತೆ ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಒಂದಿದೆ,” ಅಂದರು.

“ಎಲ್ಲಿ?”

“ಮನೇಲಿ.”

ಸಾವ್ಕಾರ ಹೊಟ್ಟೆ ಕುಣಿಸಿ ನಕ್ಕ. “ಹೊಟ್ಟೆಗೆ ಹಿಟ್ಟಿಲ್ಲದೋಳ ಮನೇಲಿ ಬೆಳ್ಳಿಯಂತೆ! ಸಾರ್, ಇವಳ ಮಾತು ಕೇಳ್ಬೇಡಿ. ಅದ್ಯಾವುದೋ ತಗಡು ಇರ್ಬೇಕು.”

“ತಗಡೇ,” ಅಂದರು ಅತ್ತೆ. “ನಿಮ್ಮಪ್ಪನೇ ಕೊಟ್ಟಿದ್ದು.”

ಅದು ನಿಜ. ಅದನ್ನು ಈ ಬೀದಿಯಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂವತ್ತೊಂದು ವರ್ಷದ ಹಿಂದೆ ಆಸಿಡ್ ಕೋಣೆಯಲ್ಲಿ ನನ್ನ ಮಾವ ಇದ್ದರು. ಒಂದು ದಿನ ಪಾತ್ರೆ ಉಕ್ಕಿ ಕೋಣೆ ತುಂಬ ಕೆಂಪು ಹೊಗೆ ಆಯಿತು. ಮಾವ ಬೆಂಕಿ ಆರಿಸಿ, ಪಾತ್ರೆ ಉಳಿಸಿ, ಮನೆಗೆ ನಡೆದುಕೊಂಡೇ ಬಂದರು. ಚೆನ್ನಾಗಿದ್ದರು. ಉಂಡರು, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಬಾಯಲ್ಲಿ ನೊರೆ ಬಂದು ಹೋಗಿಬಿಟ್ಟಿದ್ದರು. ಈ ಹೊಗೆ ಹಾಗೆಯೇ. ಕುಡಿದಾಗ ಗೊತ್ತಾಗುವುದಿಲ್ಲ.

ದೊಡ್ಡ ಸಾವ್ಕಾರ ಅತ್ತೆಯನ್ನು ಅಂಗಡಿ ಬಾಗಿಲಿಗೆ ಕರೆಸಿ, ಸೆರಗು ಒಡ್ಡಲು ಹೇಳಿ, ಮೇಲಿನಿಂದ ಏಳು ಬೆಳ್ಳಿ ದುಡ್ಡು ಬಿಟ್ಟನಂತೆ. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೂ ಕಲ್ಲಿಗೆ ಬಿಟ್ಟು ನೋಡಿದರು. ಯಾಕೆ ಹಾಗೆ ಮಾಡಿದೆನೋ ಅವರಿಗೂ ಗೊತ್ತಿಲ್ಲ. ಆರು ಟಿಣ್ ಅಂದವು. ಏಳನೆಯದು ಸೌದೆ ಬಿದ್ದ ಹಾಗೆ ಬಿತ್ತು.

“ಸಾವ್ಕಾರ್ರೇ, ಒಂದು ಖೋಟಾ ಬಂದಿದೆ.”

“ಗಂಡ ಸತ್ತು ಮೂರು ದಿನ ಆಗಿಲ್ಲ, ಬೆಳ್ಳಿ ಪರೀಕ್ಷೆ ಮಾಡ್ತಾಳೆ ಬೋಸುಡಿ. ಕುಡ್ದು ಸತ್ತೋನಿಗೆ ಇಷ್ಟು ಕೊಟ್ಟಿದ್ದೇ ಹೆಚ್ಚು.” ಅಂದವನೇ ಕಾಲಿನಿಂದ ತಳ್ಳಿದ. ಬೀದಿಯೆಲ್ಲ ನೋಡಿತು. ನಾಲ್ಕು ದಿನ ಬಿಟ್ಟು ಅವನೇ ಹೇಳಿಕಳಿಸಿದ, ಆ ಮುಂಡೆಗೆ ಕಿವಿ ಚೆನ್ನಾಗಿದೆ, ಕೆಲಸಕ್ಕೆ ಬರಲಿ ಅಂತ. ಅತ್ತೆಗೆ ಕೆಲಸ ಸಿಕ್ಕಿದ್ದು ಹಾಗೆ.

ಆರು ದುಡ್ಡು ಆರು ದಾರಿ ಹಿಡಿದು ಹೋದವು. ಏಳನೆಯದನ್ನು ಯಾವ ಅಂಗಡಿಯವನೂ ಮುಟ್ಟಲಿಲ್ಲ. ನಮ್ಮವರಿಗೆ ಬೆಳ್ಳಿ ಗೊತ್ತಾಗುವುದು ಸದ್ದಿನಿಂದ. ಸದ್ದಿಲ್ಲದ್ದನ್ನು ನಾವು ಬೆಳ್ಳಿ ಅನ್ನುವುದಿಲ್ಲ. ಅದು ತಗಡಿನ ಪೆಟ್ಟಿಗೆಯಲ್ಲಿ, ಮಾವನ ಅಂಗಿಯ ಚೂರಿನಲ್ಲಿ ಬಿದ್ದಿತ್ತು. ನಮ್ಮ ಮನೆಗೆ ಬೀಗ ಯಾಕಿಲ್ಲ ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. “ಅಂಗಡಿಯೋರು ಬೇಡ ಅಂದಿದ್ದನ್ನ ಕಳ್ಳ ಯಾಕೆ ಬೇಕು ಅಂತಾನೆ?” ಅಂದಿದ್ದರು ಅತ್ತೆ.

“ಹೋಗಿ ತಗೊಂಬಾ,” ಅಂದರು ಈಗ ನನಗೆ.

ತೊಟ್ಟಿಯ ಹತ್ತಿರ, ನಮ್ಮ ಜೊತೆ ಕಸ ತೊಳೆಯುವ ಕುಳ್ಳಿ ಬಾಣಲೆ ತಿರುವುತ್ತಿದ್ದಳು. ವಿಷಯ ಅವಳಿಗೆ ಆಗಲೇ ಮುಟ್ಟಿತ್ತು. “ದಾರಿ ಬಿಡ್ರೇ, ಸಾವ್ಕಾರ್ತಿ ಬಂದ್ಲು! ಅಕ್ಕಾ, ನಾಳೆ ನೀನು ಬಂಗ್ಲೆ ಕಟ್ಸಿದ್ರೆ ಕಸ ನಾನೇ ಗುಡಿಸ್ತೀನಿ. ಬೇರೆ ಯಾರಿಗೂ ಕೊಡ್ಬೇಡ, ನಿನ್ ಧೂಳೂ ನಂದೇ.”

ನನಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ. ಬಂಗಲೆ ಬೇಡ, ಏನೂ ಬೇಡ. ಒಂದು ತಳ್ಳುಗಾಡಿಗಾಗುವಷ್ಟು ಬಂದರೆ ಸಾಕು, ಗಂಡ ಆ ಕೋಣೆಯಿಂದ ಹೊರಗೆ ಬರುತ್ತಾನೆ. ತರಕಾರಿಯೋ ಪಾತ್ರೆಯೋ, ಏನಾದರೂ ತಳ್ಳಿಕೊಂಡು ಬೀದಿಯ ಗಾಳಿಯಲ್ಲಿ ಓಡಾಡುತ್ತಾನೆ. ಪೆಟ್ಟಿಗೆ ತೆಗೆದು ದುಡ್ಡನ್ನು ಮುಷ್ಟಿಯಲ್ಲಿ ಹಿಡಿದೆ. ಆಸಿಡ್ ನೀರಲ್ಲಿ ಆಡಿ ಆಡಿ ನನ್ನ ಬೆರಳ ತುದಿಗಳಿಗೆ ಏನೂ ಗೊತ್ತಾಗುವುದಿಲ್ಲ. ದುಡ್ಡು ಹಿಡಿದಿದ್ದೇನೋ ಇಲ್ಲವೋ ಅಂತ ಆಗಾಗ ಮುಷ್ಟಿ ಬಿಚ್ಚಿ ನೋಡಿಕೊಂಡು ನಡೆದೆ.

ನಮ್ಮನ್ನು ಒಳಗಿನ ಕೋಣೆಗೆ ಕರೆದರು. ಅತ್ತೆ ಮೂವತ್ತೊಂದು ವರ್ಷದಲ್ಲಿ ಆ ಕೋಣೆಯ ನೆಲ ಒರೆಸಿದ್ದರು, ಅಲ್ಲಿ ಕೂತಿರಲಿಲ್ಲ. ಗೋಡೆ ಪಕ್ಕ ನೆಲದ ಮೇಲೆ ಕೂತರು. ನಾನೂ ಕೂತೆ. ಗವಸಿನವನು ದುಡ್ಡನ್ನು ಹಿಂದೆ ಮುಂದೆ ತಿರುಗಿಸಿದ, ತೂಗಿದ, ಭೂತಗನ್ನಡಿ ಇಟ್ಟು ಎಲೆ ಎಣಿಸಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ಎಣಿಸಿದ.

“ಇದು ಅಚ್ಚಾದ ವರ್ಷ ಟಂಕಸಾಲೇಲಿ ಬೆಳ್ಳಿ ಸಾಲದೆ ಸೀಸ ಬೆರೆಸಿದ್ರು,” ಅಂದ, ತನಗೇ ಹೇಳಿಕೊಳ್ಳುವ ಹಾಗೆ. “ಜನ ಸದ್ದು ನೋಡಿ ವಾಪಸ್ ಎಸೆದ್ರು. ಎಲ್ಲ ತರಿಸಿ ಕರಗಿಸಿಬಿಟ್ರು. ಉಳಿದಿರೋದು ನಾಲ್ಕು. ಇದು ಐದನೇದು.”

“ಎಷ್ಟಾಗುತ್ತೆ ಸಾರ್?” ಸಾವ್ಕಾರ ಕೇಳಿದ.

“ನಿಮ್ಮ ಪೆಟ್ಟಿಗೇಲಿರೋದನ್ನೆಲ್ಲ ಒಂದು ಕಡೆ ಹಾಕಿ, ಈ ಅಂಗಡೀನೂ ಸೇರಿಸಿ. ಆಗ ಸರಿಹೋಗಬಹುದು.”

ಹಿತ್ತಲಿನಿಂದ ಗಂಡನ ಕೆಮ್ಮು ಕೇಳುತ್ತಿತ್ತು.

“ಕಳ್ಳ ಲೌಡಿ,” ಸಾವ್ಕಾರ ಎದ್ದ. “ನಮ್ಮಪ್ಪನ ಪೆಟ್ಟಿಗೆಯಿಂದ ಕದ್ದು, ಇಷ್ಟು ವರ್ಷ ಬಚ್ಚಿಟ್ಟು, ಈಗ...”

“ಕೂಗಿ,” ಅಂದರು ಅತ್ತೆ. “ಜೋರಾಗಿ ಕೂಗಿ ಸಾವ್ಕಾರ್ರೇ, ಬೀದಿಯೋರು ಬರ್ಲಿ. ನಿಮ್ಮಪ್ಪ ನನಗೆ ಒದ್ದಿದ್ದು ಯಾಕೆ ಅಂತ ಅವರೇ ಹೇಳ್ತಾರೆ. ಖೋಟಾ ಕೊಟ್ರಿ ಅಂದಿದ್ದಕ್ಕೆ. ನಾನು ಕದ್ದಿದ್ರೆ ಖೋಟಾ ಅಂತ ಜಗಳ ಆಡ್ತಿದ್ನಾ?”

ಸಾವ್ಕಾರ ಗವಸಿನವನ ಕಡೆ ನೋಡಿದ. ಗವಸಿನವನು ಪುಸ್ತಕದ ಹಾಳೆ ತಿರುವುತ್ತಿದ್ದ. ಸಾವ್ಕಾರ ಕೂತ. ಆ ಒಂದು ನಿಮಿಷದಲ್ಲಿ ಅವನ ದನಿಯೇ ಬದಲಾಯಿತು. ಬಾಯಲ್ಲಿ ಬೆಲ್ಲ ಬಂತು.

“ಅಲ್ಲ ಅಜ್ಜೀ, ನಾನೇನು ಹೊರಗಿನೋನಾ? ನಿನ್ ಕೈಲೇ ದೊಡ್ಡೋನಾದೆ. ಸಾರ್, ಇವಳ ಹೆಸರಲ್ಲಿ ಮಾರಿದ್ರೆ ಎಷ್ಟು ಬರುತ್ತೆ?”

ಗವಸಿನವನು ಮುಜುಗರಪಟ್ಟುಕೊಂಡ. “ದುಡ್ಡಿನ ಜೊತೆ ಒಂದು ಕಾಗದ ಹೋಗುತ್ತೆ ಅಮ್ಮಾ. ಎಲ್ಲಿಂದ ಬಂತು, ಯಾರ ಮನೇಲಿತ್ತು ಅಂತ. ಕೊಳ್ಳೋರು ಮೊದಲು ಅದನ್ನ ಓದ್ತಾರೆ. ಇಂಥ ಮನೆತನದ ಪೆಟ್ಟಿಗೇಲಿ ಮೂರು ತಲೆಮಾರಿಂದ ಇತ್ತು ಅಂದ್ರೆ ಪೂರ್ತಿ ಬೆಲೆ. ಕಸ ತೊಳೆಯೋರ ಮನೇಲಿತ್ತು ಅಂದ್ರೆ... ಅನುಮಾನ ಪಡ್ತಾರೆ. ಕಾಲುಭಾಗವೂ ಬರಲ್ಲ. ಮುಟ್ಟದೇ ಇದ್ರೂ ಇರಬಹುದು. ನಾನು ಮಾಡಿದ ನಿಯಮ ಅಲ್ಲ ಇದು.”

“ಕೇಳಿದ್ಯಾ?” ಸಾವ್ಕಾರ ಮುಂದೆ ಬಾಗಿದ. “ನಮ್ಮನೇದು ಅಂತ ಬರೆಸೋಣ. ನಿನಗೆ ಒಂದು ಮನೆ ಮಾಡಿಕೊಡ್ತೀನಿ. ನಿನ್ ಮಗನ್ನ ನಾಳೆಯಿಂದ ಮುಂದಿನ ಅಂಗಡೀಲಿ ಕೂರಿಸ್ತೀನಿ, ಡಬ್ಬಿ ಕಟ್ಟೋ ಕೆಲಸ, ಫ್ಯಾನ್ ಕೆಳಗೆ. ಆ ಕೋಣೆಗೆ ಕುಳ್ಳಿ ತಮ್ಮನ್ನ ಹಾಕಿದ್ರಾಯ್ತು, ಖಾಲಿ ತಿರುಗ್ತಾನೆ.”

ಫ್ಯಾನ್ ಕೆಳಗೆ ಅಂದದ್ದು ನನಗೆ ಕೇಳಿತು. ಆಮೇಲೆ ಅಂದದ್ದೂ ಕೇಳಿತು. ಆದರೂ ಬಾಯಿ ನನ್ನದೇ, ನಾನೇ ಅಂದೆ: “ಒಪ್ಕೊಳ್ಳಿ ಅತ್ತೆ.”

ಅತ್ತೆ ನನ್ನನ್ನು ನೋಡಲಿಲ್ಲ. ಗವಸಿನವನು ಕಾಗದ ಬರೆದ. ಸಾವ್ಕಾರ ಹೆಬ್ಬೆಟ್ಟಿನ ಶಾಯಿಡಬ್ಬಿ ತೆಗೆದಿಟ್ಟ.

“ನಿನಗೆ ಓದು ಬರುತ್ತಲ್ಲ,” ಅತ್ತೆ ನನಗೆ ಹೇಳಿದರು. “ಓದು.”

ನಾನು ಏಳನೇ ತರಗತಿವರೆಗೆ ಓದಿದ್ದೇನೆ. ಎದ್ದು ಮೇಜಿನ ಹತ್ತಿರ ನಿಂತು ಓದಿದೆ. ಈ ನಾಣ್ಯವು ಬೆಳ್ಳಿ ವ್ಯಾಪಾರಸ್ಥರ ಹಳೆಯ ಮನೆತನವೊಂದರ ಖಜಾನೆಯಲ್ಲಿ ಮೂರು ತಲೆಮಾರುಗಳಿಂದ ಜೋಪಾನವಾಗಿ ಕಾಪಾಡಲ್ಪಟ್ಟಿದ್ದು, ಎಂದೂ ಚಲಾವಣೆಗೆ ಹೊರಗೆ ಹೋಗಿರುವುದಿಲ್ಲ.

“ಇದ್ರಲ್ಲಿ ನನ್ ಗಂಡ ಎಲ್ಲಿದ್ದಾನೆ?”

ಸಾವ್ಕಾರ ಶಾಯಿಡಬ್ಬಿಯನ್ನು ಇನ್ನಷ್ಟು ಮುಂದೆ ತಳ್ಳಿದ.

“ಮಗನ್ನ ಕರಿ,” ಅಂದರು ಅತ್ತೆ. “ಅವನು ಹೇಳ್ಲಿ.”

ನಾನು ಹಿಂದಿನ ಬಾಗಿಲಿಗೆ ಹೋಗಿ ಕೂಗಿದೆ. ಗಂಡ ಬಂದ. ಮೂಗಿಗೆ ಕಟ್ಟಿದ ಬಟ್ಟೆಯನ್ನು ಕತ್ತಿಗೆ ಇಳಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಂತ. “ಬೇಗ ಹೇಳ್ರಿ, ಪಾತ್ರೆ ಒಲೆ ಮೇಲಿದೆ.” ನಾನು ಎಲ್ಲ ಹೇಳಿದೆ. ಏಳನೇ ದುಡ್ಡಿನ ಬೆಲೆ, ಕಾಗದ, ಮನೆ, ಫ್ಯಾನು. ಕುಳ್ಳಿ ತಮ್ಮನ ಮಾತು ಬಿಟ್ಟೆ. ಅದನ್ನು ಅತ್ತೆ ಸೇರಿಸಿದರು.

ಅವನು ತುಂಬ ಹೊತ್ತು ಮೇಜಿನ ಮೇಲಿನ ದುಡ್ಡನ್ನು ನೋಡುತ್ತಿದ್ದ. ಚಿಕ್ಕವನಿದ್ದಾಗ ಅದರ ಜೊತೆ ಅಂಗಡಿ ಆಟ ಆಡಿದ್ದನಂತೆ. ಆಟದಲ್ಲೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲವಂತೆ.

“ಸಾವ್ಕಾರ್ರೇ, ನಮ್ಮಪ್ಪ ಹೆಂಗೆ ಸತ್ತ?”

“ಈಗ ಯಾಕಯ್ಯಾ ಅದೆಲ್ಲ?”

“ಕುಡ್ದು ಸತ್ತ ಅಂತ ನಿಮ್ಮಪ್ಪ ಹೇಳಿದ್ದು. ನೀವೂ ಅದನ್ನೇ ಹೇಳಿದ್ದು, ನಾನು ಆ ಕೋಣೆಗೆ ಸೇರೋವಾಗ. ಕುಡೀಬೇಡ, ನಿಮ್ಮಪ್ಪನ ಥರ ಸಾಯ್ತೀಯ ಅಂತ. ನಾನು ಕುಡೀಲಿಲ್ಲ. ಮತ್ತೆ ನನಗ್ಯಾಕೆ ಮೆಟ್ಲು ಹತ್ತೋಕಾಗಲ್ಲ?”

“ಅದಕ್ಕೇ ಹೇಳ್ತಿರೋದಲ್ವೇನೋ ಬೋಳಿಮಗನೆ, ಮುಂದೆ ಬಂದು ಕೂತ್ಕೋ ಅಂತ!”

ಗಂಡ ಗವಸಿನವನ ಕಡೆ ತಿರುಗಿದ. “ಸಾರ್, ನೀವು ಬರೀರಿ. ಈ ಅಂಗಡಿಯ ಆಸಿಡ್ ಕೋಣೇಲಿ ಹೊಗೆ ಕುಡ್ದು ಸತ್ತೋನಿಗೆ ಕೊಟ್ಟ ಏಳು ದುಡ್ಡಲ್ಲಿ ಇದೊಂದು ಅಂತ.”

“ಬೆಲೆ ಬಿದ್ದುಹೋಗುತ್ತಪ್ಪ.”

“ಬೀಳ್ಲಿ ಸಾರ್. ಕಾಲುಭಾಗ ಬರ್ಲಿ, ಬರದೇ ಇರ್ಲಿ.”

“ಹೆಂಡ್ತೀನ ಕೇಳೋ ಹುಚ್ಚ,” ಸಾವ್ಕಾರ ನನ್ನ ಕಡೆ ಕೈ ಮಾಡಿದ. “ಅವಳಿಗಾದ್ರೂ ಬುದ್ಧಿ ಇದೆ.”

ನಾನು ಬಾಯಿ ತೆಗೆಯುವಷ್ಟರಲ್ಲಿ ಹಿತ್ತಲಿನಿಂದ ಬುಸ್ ಅನ್ನುವ ಸದ್ದು ಬಂತು. ಹಾಲು ಉಕ್ಕಿ ಒಲೆಗೆ ಬಿದ್ದ ಹಾಗೆ, ಆದರೆ ನಿಲ್ಲದೆ. ಹಿಂದಿನ ಬಾಗಿಲ ಕೆಳಗಿನಿಂದ ಇಟ್ಟಿಗೆ ಬಣ್ಣದ ಹೊಗೆ ಒಳಗೆ ಸರಿಯಿತು.

“ಲೇ, ಪಾತ್ರೆ! ಓಡೋ!”

ಗಂಡ ಓಡಲಿಲ್ಲ. ನಿಧಾನವಾಗಿ ಬಂದು ತನ್ನ ತಾಯಿಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತ.

“ಏಳೋ ಸೂಳೆಮಗನೆ! ಹೋದ ವಾರದ್ದೂ ಸೇರಿ ಅರ್ಧ ಕೆಜಿ ಬೆಳ್ಳಿ ಇದೆ ಅದರಲ್ಲಿ!”

“ಮೊದ್ಲು ಬರೀರಿ,” ಅಂದ ಅವನು.

ಸಾವ್ಕಾರ ತಾನೇ ಹಿಂದಿನ ಬಾಗಿಲಿಗೆ ಓಡಿದ. ಬಾಗಿಲು ತೆಗೆದವನೇ ಎರಡು ಹೆಜ್ಜೆ ಹಿಂದೆ ಬಿದ್ದ. ಕಣ್ಣು ಉಜ್ಜಿಕೊಂಡು, ಕೆಮ್ಮಿ, ಮೂಗಿಗೆ ಪಂಚೆಯ ತುದಿ ಒತ್ತಿಕೊಂಡು ತಿರುಗಿ ಬಂದ. “ಏನ್ ಹಾಕ್ಬೇಕೋ ಅದಕ್ಕೆ? ನೀರಾ? ಸುಣ್ಣಾನಾ? ಬೊಗಳೋ!” ಅವನ ಅಜ್ಜ ಕಟ್ಟಿಸಿದ ಕೋಣೆ ಅದು. ಅವನಿಗೆ ಗೊತ್ತಿರಲಿಲ್ಲ.

ಗಂಡ ಮೇಜಿನ ಮೇಲಿನ ಕಾಗದದ ಕಡೆ ಬೆರಳು ತೋರಿಸಿದ. ಸಾವ್ಕಾರ ನನ್ನ ಭುಜ ಹಿಡಿದು ಅಲುಗಿಸಿದ. ಮುಟ್ಟಿದ್ದೇನೆ ಅನ್ನುವುದೂ ಅವನಿಗೆ ತಿಳಿಯಲಿಲ್ಲ. “ನೀನಾದ್ರೂ ಹೇಳೇ, ತಾಯಿ!”

ನನಗೆ ಗೊತ್ತಿತ್ತು. ಒಲೆಯ ಬೆಂಕಿ ಕೆಳಗಿನಿಂದ ಎಳೆಯಬೇಕು, ತಣ್ಣೀರನ್ನು ಅಂಚಿನಿಂದ ಒಂದೊಂದೇ ಲೋಟ ಬಿಡಬೇಕು. ಗಂಡ ಎಷ್ಟೋ ಸಲ ಹೇಳಿದ್ದ, ನನಗೇನಾದ್ರೂ ಆದ್ರೆ ನಿನಗೆ ಗೊತ್ತಿರ್ಲಿ ಅಂತ. ನಾನು ಹೇಳಲಿಲ್ಲ. ಅವನ ಕೈ ಬಿಡಿಸಿಕೊಂಡು ಹೋಗಿ ಅತ್ತೆಯ ಇನ್ನೊಂದು ಪಕ್ಕದಲ್ಲಿ ಕೂತೆ.

ಗವಸಿನವನು ಬೀದಿ ಬಾಗಿಲವರೆಗೆ ಹೋಗಿದ್ದವನು ನಿಂತ. ನಮ್ಮನ್ನು ನೋಡಿದ. ಕರವಸ್ತ್ರವನ್ನು ಬಾಯಿಗೆ ಹಿಡಿದುಕೊಂಡು ವಾಪಸ್ ಬಂದು, ಬರೆದಿದ್ದ ಕಾಗದವನ್ನು ಹರಿದು, ಹೊಸದೊಂದು ಹಾಳೆ ಎಳೆದುಕೊಂಡ. ನಿಂತೇ ಬರೆಯಲು ಬಾಗಿದ. ಗವಸಿನ ಕೈಯಲ್ಲಿ ಪೆನ್ನು ಜಾರಿತು. ಗವಸು ಕಿತ್ತು ಹಾಕಿದ.

“ಬೇಗ ಹೇಳಿ ಅಮ್ಮಾ. ಹೆಸರೇನು ಅವರದ್ದು?”

ಅತ್ತೆ ಹೆಸರು ಹೇಳಿದರು. ಅವನು ಬರೆದ. ಆಮೇಲೆ ಮಾವನಿಗೆ ಆಗ ಎಷ್ಟು ವರ್ಷ, ಕೋಣೆಗೆ ಎಷ್ಟು ಕಿಟಕಿ ಇದ್ದವು, ಅವತ್ತು ಎಷ್ಟು ಹೊತ್ತಿಗೆ ಮನೆಗೆ ಬಂದರು, ಏನು ಉಂಡರು, ಒಂದೊಂದೇ ಹೇಳತೊಡಗಿದರು. ಸಾವ್ಕಾರ ಬೀದಿಯಲ್ಲಿ ನಿಂತು ಯಾರನ್ನೋ ಕೂಗುತ್ತಿದ್ದ. ಅತ್ತೆ ಅವಸರ ಮಾಡಲಿಲ್ಲ.

ಆ ಹೊಗೆ ಗಾಳಿಗಿಂತ ಭಾರ. ಮೇಲೆ ಏಳುವುದಿಲ್ಲ, ನೆಲ ಹಿಡಿದು ಬರುತ್ತದೆ. ಮೇಜಿನ ಕಾಲುಗಳ ನಡುವಿನಿಂದ ಅದು ನಮ್ಮ ಕಡೆ ಬರುತ್ತಿತ್ತು, ನಾವು ಮೂವರೂ ನೆಲದ ಮೇಲೆ ಕೂತಿದ್ದೆವು.